ಗೊಟ್ಟ ಬೇಡ, ಗಿಣ್ಣು ಬೇಕು

ಟಿಪ್ಪುವಿನ ಕಾಲದಿಂದ ಕುದುರೆ ಸಾಕಿದ ಕುಣಿಗಲ್ ಸೀಮೆಯಲ್ಲಿ ಆ ವಿದ್ಯೆ ಇಂದಿಗೂ ಲಾಯದ ಒಳಗೇ ಉಳಿದಿದೆ. ಹೊರಗಿನ ಮಾಲೀಕ ತನಗೆ ಗೊತ್ತಿರುವ ಹಸುವಿನ ಆರೈಕೆಯನ್ನೇ ಕುದುರೆಗೂ ಮಾಡುತ್ತಾನೆ. ಕುದುರೆ ಅದಕ್ಕೆ ಪ್ರಾಣ ತೆರುತ್ತದೆ. ಮರಿ ಬೀಳುವ ಋತುವಿನಲ್ಲಿ, ಕುದುರೆ ಸಾಕುವವರು ಕನ್ನಡದಲ್ಲಿ ಓದಲೇಬೇಕಾದ ಪಾಠಗಳ ಸುತ್ತ ಒಂದು ನೋಟ.

ಸುಗ್ಗಿ ಮುಗಿದು, ಕಣದ ಬದಿಯಲ್ಲಿ ರಾಗಿ ಹುಲ್ಲಿನ ಬಣವೆಗಳು ಎದ್ದು ನಿಂತಿರುವ ಜನವರಿಯ ಚಳಿಯಲ್ಲಿ ಕುದುರೆ ಲಾಯಗಳು ರಾತ್ರಿಯೆಲ್ಲ ಎಚ್ಚರವಾಗಿರುತ್ತವೆ. ದಪ್ಪಗೆ ಹುಲ್ಲು ಹಾಸಿದ ಅಗಲವಾದ ಕೋಣೆಗಳಲ್ಲಿ ತುಂಬು ಗಬ್ಬದ ಹೆಣ್ಣು ಕುದುರೆಗಳು ನಿಂತಿರುತ್ತವೆ. ಕಾವಲಿನ ಕಾಸ್ತಾರ, ಅಂದರೆ ಕುದುರೆ ನೋಡಿಕೊಳ್ಳುವ ಆಳು, ಸದ್ದು ಮಾಡದೆ ಒಂದೊಂದೇ ಕೋಣೆಗೆ ಇಣುಕಿ, ಕೆಚ್ಚಲು ಬಿಗಿದಿದೆಯೇ, ಬಾಲದ ಬುಡ ಸಡಿಲಗೊಂಡಿದೆಯೇ, ಮೊಲೆತೊಟ್ಟಿನ ತುದಿಯಲ್ಲಿ ಜೇನುಮೇಣದ ಹನಿಯಂಥ ಹಳದಿ ಅಂಟು ಕಟ್ಟಿದೆಯೇ ಎಂದು ನೋಡುತ್ತಾನೆ.

ಆ ಅಂಟು ಕಾಣಿಸಿಕೊಂಡ ಮೇಲೆ ಹೆಚ್ಚಿನ ಕುದುರೆಗಳು ಒಂದರಿಂದ ನಾಲ್ಕು ದಿನಗಳೊಳಗೆ ಈಯುತ್ತವೆ. ಈಯುವುದು ಬಹುತೇಕ ರಾತ್ರಿ ಹೊತ್ತಿನಲ್ಲಿ, ಸುತ್ತ ಜನರ ಸುಳಿದಾಟ ನಿಂತ ಮೇಲೆ. ನೀರುಚೀಲ ಒಡೆದ ಬಳಿಕ ಮರಿ ನೆಲ ಮುಟ್ಟಲು ಬೇಕಾಗುವುದು ಇಪ್ಪತ್ತರಿಂದ ಮೂವತ್ತು ನಿಮಿಷ ಮಾತ್ರ. ಹಸು ಗಂಟೆಗಟ್ಟಲೆ ತಿಣುಕಿದರೂ ಕರು ಬದುಕುಳಿದ ನಿದರ್ಶನಗಳನ್ನು ಕಂಡಿರುವ ರೈತನಿಗೆ ಈ ಅವಸರ ಹೊಸದು. ಕುದುರೆಯಲ್ಲಿ ಅರ್ಧ ಗಂಟೆ ದಾಟಿತೆಂದರೆ ಮರಿಯ ಜೀವ ತೂಗುಯ್ಯಾಲೆಯಲ್ಲಿರುತ್ತದೆ, ವೈದ್ಯರಿಗೆ ಫೋನು ಮಾಡಲು ಅಲ್ಲಿಯವರೆಗೆ ಕಾಯುವಂತಿಲ್ಲ.

ಕುದುರೆ ಸಾಕಣೆಯ ಅರಿವೆಲ್ಲ ಇಂಥ ಸಣ್ಣ ಅಂತರಗಳಲ್ಲಿಯೇ ಅಡಗಿದೆ. ಕುಣಿಗಲ್ ಇರುವ ತುಮಕೂರು ಜಿಲ್ಲೆ ದನಕರುಗಳ ಸೀಮೆ. ಸಿದ್ಧಗಂಗೆಯ ದನಗಳ ಜಾತ್ರೆಯಿಂದ ಹಿಡಿದು ಗುಬ್ಬಿ, ಊರ್ಡಿಗೆರೆಯ ಹಳ್ಳಿಗಳ ಹಾಲಿನ ಡೇರಿಗಳವರೆಗೆ ಇಲ್ಲಿನವರಿಗೆ ಹಸು, ಎಮ್ಮೆ, ಕುರಿಗಳ ಆರೈಕೆ ತಲೆಮಾರುಗಳಿಂದ ಬಂದದ್ದು. ಕುದುರೆಯೂ ಹುಲ್ಲು ಮೇಯುವ ಪ್ರಾಣಿಯೇ ಆದ್ದರಿಂದ ಅದೇ ಆರೈಕೆ ಸಾಕೆಂಬ ಭಾವನೆ ಸಹಜವಾಗಿ ಮೂಡುತ್ತದೆ. ಮೆರವಣಿಗೆಗೆ ಬಾಡಿಗೆಗೆ ಬಿಡಲು, ಮಕ್ಕಳಿಗೆ ಸವಾರಿ ಕಲಿಸಲು, ಇಲ್ಲವೇ ಬರಿಯ ಪ್ರೀತಿಗೆ ಒಂದು ಕುದುರೆ ಕೊಂಡು ತಂದವನ ಮೊದಲ ಸಂಕಟ ಹುಟ್ಟುವುದು ಈ ಭಾವನೆಯಿಂದಲೇ.

ಕುದುರೆ ಫಾರಂ ಕಂಡ ಕಾಲಗಳು

ಬೆಂಗಳೂರಿನಿಂದ ಮಂಗಳೂರಿಗೆ ಹೋಗುವ ಹೆದ್ದಾರಿಯಲ್ಲಿ ಸುಮಾರು 70 ಕಿಲೋಮೀಟರು ಸಾಗಿದರೆ ಸಿಗುವ ಕುಣಿಗಲ್ಲಿನಲ್ಲಿ, ಸುತ್ತಲಿನವರು 'ಕುದುರೆ ಫಾರಂ' ಎಂದೇ ಕರೆಯುವ ಕುಣಿಗಲ್ ಸ್ಟಡ್ ಫಾರಂ ಇದೆ. ಭಾರತದ ಅತ್ಯಂತ ಹಳೆಯ ಅಶ್ವಸಂವರ್ಧನ ಕೇಂದ್ರವೆಂದು ಹೆಸರಾದ, 400 ಎಕರೆಗೂ ಮಿಗಿಲಾದ ಈ ನೆಲದಲ್ಲಿ ಟಿಪ್ಪು ಸುಲ್ತಾನ್ ತನ್ನ ಅಶ್ವಸೈನ್ಯಕ್ಕಾಗಿ ಕುದುರೆ ಬೆಳೆಸಿದನೆಂಬುದು ಪರಂಪರೆಯಿಂದ ಬಂದ ಮಾತು.

ಅದಕ್ಕೆ ಕಾರಣವೂ ಇತ್ತು. ದಕ್ಷಿಣದ ರಾಜ್ಯಗಳು ಶತಮಾನಗಳ ಕಾಲ ಒಳ್ಳೆಯ ಕುದುರೆಗೆ ಸಮುದ್ರದಾಚೆಯ ಅರಬ್ ಮತ್ತು ಪರ್ಷಿಯಾ ದೇಶಗಳನ್ನೇ ನಂಬಿದ್ದವು. ವಿಜಯನಗರದ ಅರಸರು ಹೊರ್ಮುಜ್‌ನಿಂದ ಗೋವಾ, ಭಟ್ಕಳಗಳ ಮೂಲಕ ಬರುತ್ತಿದ್ದ ಕುದುರೆಗಳಿಗೆ ಅಪಾರ ಹಣ ಸುರಿದರು. ಅರಸನು ವರ್ಷಕ್ಕೆ 13,000 ಕುದುರೆಗಳನ್ನು ಕೊಳ್ಳುತ್ತಿದ್ದನೆಂದು ಪೋರ್ಚುಗೀಸ್ ಪ್ರವಾಸಿ ನೂನಿಜ್ ಬರೆದಿದ್ದಾನೆ. ಬಂದರುಗಳು ಶತ್ರುವಿನ ವಶವಾದರೆ ಕುದುರೆಯ ಹಾದಿಯೂ ಮುಚ್ಚಿದಂತೆಯೇ ಆಗುತ್ತಿದ್ದುದರಿಂದ, ಒಳನಾಡಿನಲ್ಲಿ ಕುದುರೆ ಬೆಳೆಸುವುದು ರಾಜ್ಯದ ರಕ್ಷಣೆಯ ಮಾತೇ ಆಗಿತ್ತು.

ಹಣ ಸುರಿದ ಮಾತ್ರಕ್ಕೆ ಕುದುರೆ ಉಳಿಯುತ್ತಿರಲಿಲ್ಲವೆಂಬುದಕ್ಕೆ 13ನೆಯ ಶತಮಾನದ ಮಾರ್ಕೊ ಪೋಲೊನ ಬರಹವೇ ಸಾಕ್ಷಿ. ತಮಿಳು ಕರಾವಳಿಯ ಅರಸರು ವರ್ಷವರ್ಷವೂ ಕುದುರೆ ಕೊಳ್ಳುತ್ತಿದ್ದರೂ ಆರೈಕೆ ತಿಳಿಯದೆ ಅವುಗಳಲ್ಲಿ ಹೆಚ್ಚಿನವು ಸಾಯುತ್ತಿದ್ದವೆಂದೂ, ಅನ್ನದ ಜೊತೆ ಬೇಯಿಸಿದ ಮಾಂಸವನ್ನು ಅವುಗಳಿಗೆ ತಿನ್ನಿಸುತ್ತಿದ್ದರೆಂದೂ, ಅಶ್ವವೈದ್ಯರು ಅಲ್ಲಿಗೆ ಹೋಗದಂತೆ ವ್ಯಾಪಾರಿಗಳೇ ತಡೆಯುತ್ತಿದ್ದರೆಂದೂ ಅವನು ದಾಖಲಿಸಿದ್ದಾನೆ. ಕುದುರೆ ಸತ್ತಷ್ಟೂ ವ್ಯಾಪಾರ. ಅರಿವನ್ನು ಮಾಲೀಕನಿಂದ ದೂರವಿಟ್ಟು ಲಾಭ ಮಾಡಿದ ಇಷ್ಟು ಸ್ಪಷ್ಟವಾದ ಉದಾಹರಣೆ ಇತಿಹಾಸದಲ್ಲಿ ಹೆಚ್ಚು ಸಿಗಲಾರದು.

1799ರಲ್ಲಿ ಟಿಪ್ಪು ಮಡಿದ ಬಳಿಕ ಕುಣಿಗಲ್ಲಿನ ಲಾಯಗಳು ಬ್ರಿಟಿಷರ ಮತ್ತು ಮೈಸೂರು ಸಂಸ್ಥಾನದ ಸೇನೆಯ ಅಗತ್ಯಕ್ಕೆ ಒದಗಿದವು. ಆಗಿನ ಮೈಸೂರಿನ ಸಿಲೆದಾರ ಪಡೆಯ ವ್ಯವಸ್ಥೆ ಇಲ್ಲಿ ಗಮನಾರ್ಹವಾದುದು. ಸಿಲೆದಾರನೆಂದರೆ ಸ್ವಂತ ಕುದುರೆಯೊಂದಿಗೆ ಸೈನ್ಯಕ್ಕೆ ಸೇರಿ, ತನ್ನ ಮತ್ತು ಕುದುರೆಯ ಸೇವೆಗೆ ಸಂಬಳ ಪಡೆಯುವ ಸವಾರ. ಕುದುರೆ ಕುಂಟಿದರೆ ಅವನ ದುಡಿಮೆಯೂ ಕುಂಟುತ್ತಿತ್ತು. ಹೀಗಾಗಿ ಲಾಳ, ಮೇವು, ಮಾಲೀಶು, ಗಾಯದ ಮದ್ದು ಇವೆಲ್ಲ ಅವನಿಗೆ ಅನ್ನದಷ್ಟೇ ಅಗತ್ಯದ ತಿಳಿವಳಿಕೆಯಾಗಿದ್ದವು.

1918ರ ಸೆಪ್ಟೆಂಬರ್ 23ರಂದು ಹೈಫಾ ನಗರವನ್ನು ಗೆದ್ದ ದಾಳಿಯಲ್ಲಿ ಜೋಧಪುರದವರೊಂದಿಗೆ ನುಗ್ಗಿದ ಮೈಸೂರು ಲಾನ್ಸರ್ಸ್ ಈ ಅಶ್ವಪರಂಪರೆಯ ಕೊನೆಯ ದೊಡ್ಡ ಅಧ್ಯಾಯ. ಸ್ವಾತಂತ್ರ್ಯದ ಬಳಿಕ ಫಾರಂ ರಾಜ್ಯದ ಪಶುಸಂಗೋಪನಾ ಇಲಾಖೆಯ ಕೈಯಲ್ಲಿತ್ತು. 1992ರಲ್ಲಿ ಅದು 30 ವರ್ಷಗಳ ಗುತ್ತಿಗೆಯ ಮೇಲೆ ಯುನೈಟೆಡ್ ರೇಸಿಂಗ್ ಅಂಡ್ ಬ್ಲಡ್‌ಸ್ಟಾಕ್ ಬ್ರೀಡರ್ಸ್ ಸಂಸ್ಥೆಗೆ ಸೇರಿ, ಪಂದ್ಯದ ಕುದುರೆಗಳ ನೆಲೆಯಾಗಿ ಮುಂದುವರಿಯಿತು. ಇಲ್ಲಿ ಹುಟ್ಟಿದ ಕುದುರೆಗಳು ಇಂಡಿಯನ್ ಡರ್ಬಿಯನ್ನೂ ಗೆದ್ದಿವೆ. ಗುತ್ತಿಗೆಯ ಅವಧಿ ಮುಗಿದ ಬಳಿಕ ಈ ನೆಲವನ್ನು ಬೇರೆ ಬಳಕೆಗೆ ಒದಗಿಸುವ ಮಾತೂ, ಅದಕ್ಕೆ ಸ್ಥಳೀಯರ ವಿರೋಧವೂ ಕೇಳಿಬಂದಿವೆ. ನೆಲದ ಗತಿ ಏನೇ ಆಗಲಿ, ಅಲ್ಲಿನ ಲಾಯಗಳಲ್ಲಿ ತಂದೆಯಿಂದ ಮಗನಿಗೆ ಬಂದ ಕೈಚಳಕ ಬರಹಕ್ಕಿಳಿಯದೆ ಹೋದರೆ ಅದು ಮರಳಿ ಸಿಗುವುದಿಲ್ಲ.

> ಚೌಕಟ್ಟು: ಕನ್ನಡದ ಅಶ್ವಶಾಸ್ತ್ರ
>
> ಕುದುರೆಯ ಬಗೆಗೆ ಕನ್ನಡದಲ್ಲಿ ಬರೆಯುವುದು ಹೊಸ ಸಾಹಸವಲ್ಲ. ಚಾಲುಕ್ಯ ರಾಜವಂಶದ ಕೀರ್ತಿವರ್ಮ 'ಗೋವೈದ್ಯ'ವನ್ನು ಬರೆದು ಪಶುಚಿಕಿತ್ಸೆಯನ್ನು ಕನ್ನಡಕ್ಕೆ ತಂದನು. ಸುಮಾರು 1400ರ ಹೊತ್ತಿಗೆ ಅಭಿನವಚಂದ್ರನು ಕುದುರೆಗಳ ವೈದ್ಯವನ್ನು ಕುರಿತು ಗ್ರಂಥ ರಚಿಸಿದನು. 17ನೆಯ ಶತಮಾನದ ಮೊದಲ ಭಾಗದಲ್ಲಿ, ಮೈಸೂರಿನ ಚಾಮರಾಜ ಒಡೆಯರ ಕಾಲದಲ್ಲಿ, ಪದ್ಮಣ ಪಂಡಿತನ 'ಹಯಸಾರಸಮುಚ್ಚಯ' ಬಂದಿತು.
>
> ಕಲ್ಯಾಣದ ಚಾಲುಕ್ಯ ಅರಸ ಮೂರನೆಯ ಸೋಮೇಶ್ವರನ ಸಂಸ್ಕೃತ ಗ್ರಂಥ 'ಮಾನಸೋಲ್ಲಾಸ'ದಲ್ಲಿ ಕುದುರೆಯ ಮೇಲೆ ಕುಳಿತು ಆಡುವ ಚೆಂಡಾಟದ ವರ್ಣನೆಯಿದೆ.

ಹಳೆಯ ಅಶ್ವಶಾಸ್ತ್ರಗಳಲ್ಲಿ ಬಣ್ಣ, ನಡಿಗೆ, ಹಲ್ಲಿನಿಂದ ವಯಸ್ಸು ಹೇಳುವ ಕ್ರಮ, ಋತುವಿಗೆ ತಕ್ಕ ಮೇವು, ರೋಗಕ್ಕೆ ಮದ್ದು ಇವುಗಳ ಜೊತೆಗೆ ಸುಳಿಗಳ ಶುಭಾಶುಭವೂ ಬರುತ್ತದೆ. ಕೂದಲು ಸುರುಳಿಯಾಗಿ ಬೆಳೆದಿರುವ ಜಾಗವೇ ಸುಳಿ. ಇಂದಿಗೂ ಕುದುರೆಯ ಬೆಲೆ ಅದರ ಹಣೆ, ಕತ್ತುಗಳ ಸುಳಿಯಿಂದ ಏರಿಳಿಯುತ್ತದೆ. ಸುಳಿಯಿಂದ ಕುದುರೆಯ ಗುರುತು ಹಿಡಿಯಬಹುದು, ಆರೋಗ್ಯ ತಿಳಿಯದು. ಕೊಳ್ಳುವವನು ಸುಳಿ ನೋಡುವ ಹೊತ್ತಿನಲ್ಲಿ ನಾಲ್ಕೂ ಗೊರಸನ್ನು ಎತ್ತಿ ನೋಡಿ, ಗಟ್ಟಿ ನೆಲದ ಮೇಲೆ ನಡೆಸಿ, ದವಡೆಯ ಹಲ್ಲನ್ನು ವೈದ್ಯರಿಂದ ಪರೀಕ್ಷಿಸಿಕೊಂಡರೆ ಮುಂದಿನ ಹತ್ತು ವರ್ಷಗಳ ಖರ್ಚು ಕಡಿಮೆಯಾಗುತ್ತದೆ. ಹಲ್ಲಿನ ಲೆಕ್ಕ ಮಾತ್ರ ಅಂದಿಗೂ ಇಂದಿಗೂ ಒಂದೇ: ಮುಂಬಾಯಿಯ ಹಾಲುಹಲ್ಲುಗಳು ಸುಮಾರು ಎರಡೂವರೆ, ಮೂರೂವರೆ, ನಾಲ್ಕೂವರೆ ವರ್ಷಗಳಿಗೆ ಜೋಡಿಜೋಡಿಯಾಗಿ ಬಿದ್ದು, ಐದಕ್ಕೆ ಬಾಯಿ ತುಂಬುತ್ತದೆ.

ನಾಲ್ಕು ಹೊಟ್ಟೆಯ ಹಸು, ಒಂದೇ ಹೊಟ್ಟೆಯ ಕುದುರೆ

ಹಸುವಿನ ಜಠರಕ್ಕೆ ನಾಲ್ಕು ಕೋಣೆಗಳಿದ್ದು, ಅವುಗಳಲ್ಲಿ ಮೊದಲನೆಯದೊಂದೇ ನೂರು ಲೀಟರಿಗೂ ಹೆಚ್ಚು ಮೇವನ್ನು ಹಿಡಿದಿಡುತ್ತದೆ. ಹಸು ಗಬಗಬನೆ ತಿಂದು, ನಿಧಾನವಾಗಿ ಮೆಲುಕು ಹಾಕುತ್ತದೆ. ಕುದುರೆಗಿರುವುದು ಒಂದೇ ಜಠರ, ಅದರ ಅಳತೆ 8ರಿಂದ 15 ಲೀಟರು. ನಾರನ್ನು ಹುದುಗಿಸಿ ಶಕ್ತಿಯಾಗಿಸುವ ಸೂಕ್ಷ್ಮಜೀವಿಗಳು ಅದರ ಹಿಂಗರುಳಿನಲ್ಲಿ, ಅಂದರೆ ಸಣ್ಣ ಕರುಳು ಮುಗಿದ ಮೇಲೆ ಬರುವ ದೊಡ್ಡ ಚೀಲದಂಥ ಭಾಗದಲ್ಲಿ ನೆಲಸಿರುತ್ತವೆ.

ಈ ರಚನೆಯಿಂದ ಹೊರಡುವ ನಿಯಮಗಳು ಸರಳವಾಗಿವೆ. ಕುದುರೆಯ ಜಠರ ಹೊತ್ತಿಲ್ಲದ ಹೊತ್ತಿನಲ್ಲೂ ಆಮ್ಲವನ್ನು ಸುರಿಸುತ್ತಲೇ ಇರುತ್ತದೆ, ಆದರೆ ಆಮ್ಲವನ್ನು ತಣಿಸುವ ಜೊಲ್ಲು ಅಗಿಯುವಾಗ ಮಾತ್ರ ಊರುತ್ತದೆ. ಹಾಗಾಗಿ ಬೆಳಿಗ್ಗೆ ಒಂದು ಹೊರೆ, ಸಂಜೆ ಒಂದು ಹೊರೆ ಹಾಕಿ ಮಧ್ಯೆ ಬಾಯಿ ಕಟ್ಟಿದರೆ ಹೊಟ್ಟೆಯಲ್ಲಿ ಹುಣ್ಣಾಗುತ್ತದೆ. ದಿನಕ್ಕೆ ದೇಹತೂಕದ ಶೇ 1.5ರಿಂದ 2.5ರಷ್ಟು ಒಣ ಲೆಕ್ಕದ ಮೇವು ಬೇಕು. ಅದರಲ್ಲಿ ಹುಲ್ಲಿನದೇ ಸಿಂಹಪಾಲು. ಓಟ್ಸ್, ಜೋಳ, ಬೇಯಿಸಿದ ಹುರುಳಿ ಇವೆಲ್ಲ ದುಡಿಯುವ ಕುದುರೆಗೆ ಮೇಲುಪೂರಕವೇ ಹೊರತು ಹುಲ್ಲಿಗೆ ಬದಲಿಯಾಗಲಾರವು. ದೊಡ್ಡ ಕುದುರೆಗೂ ಒಂದು ಹೊತ್ತಿಗೆ ಎರಡು, ಎರಡೂವರೆ ಕಿಲೋ ಕಾಳಿಗಿಂತ ಹೆಚ್ಚು ಸಲ್ಲದು. ಹೆಚ್ಚಾದ ಕಾಳು ಹಿಂಗರುಳಿಗೆ ಇಳಿದು ಹುಳಿಯುತ್ತದೆ. ಅಲ್ಲಿ ಸಾಯುವ ಸೂಕ್ಷ್ಮಜೀವಿಗಳ ವಿಷ ರಕ್ತಕ್ಕೆ ಸೇರಿ, ಗೊರಸಿನೊಳಗಿನ ಮೃದು ಪದರಕ್ಕೆ ಉರಿಯೂತ ತಂದು, ಕುದುರೆ ಕಾಲೂರದಂತಾಗುತ್ತದೆ. ಹೊಟ್ಟೆಯ ತಪ್ಪನ್ನು ಪಾದ ಅನುಭವಿಸುವ ಈ ವೈಚಿತ್ರ್ಯ ಹಸು ಸಾಕುವವನ ಊಹೆಗೆ ಸುಲಭವಾಗಿ ನಿಲುಕುವುದಿಲ್ಲ.

ಕುದುರೆಗೆ ವಾಂತಿ ಮಾಡಲು ಬರುವುದಿಲ್ಲ. ಅನ್ನನಾಳ ಜಠರವನ್ನು ಸೇರುವಲ್ಲಿನ ಸ್ನಾಯು ಎಷ್ಟು ಬಿಗಿಯೆಂದರೆ ಒಳಗೆ ಹೋದದ್ದು ಮೇಲೆ ಬಾರದು. ಆದ್ದರಿಂದ ಹೊಟ್ಟೆಶೂಲೆ ಕುದುರೆಯ ಪಾಲಿಗೆ ಮೃತ್ಯುವಿನ ಮುನ್ಸೂಚನೆಯಾಗಬಲ್ಲದು. ಮುಂಗಾಲಿನಿಂದ ನೆಲ ಕೆದರುವುದು, ಪಕ್ಕೆಯತ್ತ ತಿರುತಿರುಗಿ ನೋಡುವುದು, ಮಲಗಿ ಹೊರಳುವುದು, ಲದ್ದಿ ನಿಲ್ಲುವುದು, ಕಾರಣವಿಲ್ಲದೆ ಬೆವರುವುದು ಅದರ ಲಕ್ಷಣಗಳು.

ಹಳ್ಳಿಯ ಕೈ ಆಗ ತಾನಾಗಿ ಗೊಟ್ಟವನ್ನು ಹುಡುಕುತ್ತದೆ. ದನಕ್ಕೆ ಎಣ್ಣೆ, ಕಷಾಯ ಕುಡಿಸಲು ಬಳಸುವ ಓರೆ ಬಾಯಿಯ ಬಿದಿರಿನ ಕೊಳವೆಯೇ ಗೊಟ್ಟ. ಕುದುರೆಯ ತಲೆ ಎತ್ತಿ ಹಿಡಿದು ಗೊಟ್ಟದಲ್ಲಿ ಎಣ್ಣೆ ಹೊಯ್ದರೆ ಅದು ಶ್ವಾಸಕೋಶಕ್ಕೆ ಇಳಿಯುವ ಅಪಾಯ ತುಂಬ ದೊಡ್ಡದು. ಶೂಲೆಯಿಂದ ಉಳಿಯಬಹುದಾಗಿದ್ದ ಕುದುರೆ ನ್ಯುಮೋನಿಯಾದಿಂದ ಸಾಯುತ್ತದೆ. ವೈದ್ಯರು ಮೂಗಿನ ಮೂಲಕ ಜಠರಕ್ಕೆ ನೇರವಾಗಿ ನಳಿಕೆ ಇಳಿಸಿ, ಅದು ಸರಿಯಾದ ಜಾಗ ಸೇರಿದೆಯೆಂದು ಖಚಿತವಾದ ಮೇಲೆಯೇ ಔಷಧಿ ಹಾಕುತ್ತಾರೆ. ಅವರು ಬರುವವರೆಗೆ ಮಾಲೀಕ ಮಾಡಬೇಕಾದದ್ದು ಇಷ್ಟೇ: ಮೇವನ್ನೂ ಕಾಳನ್ನೂ ಎತ್ತಿಡುವುದು, ನೋವು ಹದವಾಗಿದ್ದರೆ ನಿಧಾನವಾಗಿ ನಡೆಸುವುದು, ನಾಡಿ ಎಣಿಸಿ ಬರೆದಿಡುವುದು.

> ಚೌಕಟ್ಟು: ಲಾಯದ ಗೋಡೆಗೆ ಬರೆದಿಡಬಹುದಾದ ಅಂಕಿಗಳು
>
> ವಿಶ್ರಾಂತಿಯಲ್ಲಿರುವ ಬೆಳೆದ ಕುದುರೆಯ ನಾಡಿ ನಿಮಿಷಕ್ಕೆ 28ರಿಂದ 44. ಉಸಿರು 8ರಿಂದ 16. ಗುದದ್ವಾರದಲ್ಲಿ ಅಳೆದ ಉಷ್ಣತೆ 37.5ರಿಂದ 38.5 ಡಿಗ್ರಿ ಸೆಲ್ಸಿಯಸ್. ಕೆಳದವಡೆಯ ಮೂಳೆಯ ಒಳಬದಿಯಲ್ಲಿ ಹಾಯುವ ರಕ್ತನಾಳದ ಮೇಲೆ ಬೆರಳಿಟ್ಟು ನಾಡಿ ಎಣಿಸಬಹುದು. ಶೂಲೆಯಲ್ಲಿ ನಾಡಿ 60 ದಾಟಿತೆಂದರೆ ಪರಿಸ್ಥಿತಿ ಗಂಭೀರ.
>
> ದೊಡ್ಡ ಕುದುರೆ ದಿನಕ್ಕೆ 25ರಿಂದ 40 ಲೀಟರು ನೀರು ಕುಡಿಯುತ್ತದೆ. ಹಾಲೂಡುವಾಗ, ಬೇಸಿಗೆಯಲ್ಲಿ ಇನ್ನೂ ಹೆಚ್ಚು.

ಹಸಿರು ಮೇವಿನಲ್ಲಿಯೂ ತುಮಕೂರಿನ ಮಾಲೀಕನಿಗೆ ಒಂದು ಎಚ್ಚರಿಕೆ ಬೇಕು. ಡೇರಿ ಹಸುಗಳಿಗೆಂದು ಜಿಲ್ಲೆಯಲ್ಲಿ ಬೆಳೆಯುವ ನೇಪಿಯರ್ ಹುಲ್ಲಿನಲ್ಲಿ ಆಕ್ಸಲೇಟ್ ಎಂಬ ಲವಣವಿದ್ದು, ಅದು ಸುಣ್ಣದಂಶವನ್ನು ಹಿಡಿದಿಟ್ಟು ದೇಹಕ್ಕೆ ಸಿಗದಂತೆ ಮಾಡುತ್ತದೆ. ಹಸುವಿನ ಮೊದಲ ಹೊಟ್ಟೆಯ ಸೂಕ್ಷ್ಮಜೀವಿಗಳು ಆಕ್ಸಲೇಟನ್ನು ಒಡೆಯುತ್ತವೆ. ಕುದುರೆಗೆ ಆ ಅನುಕೂಲವಿಲ್ಲ. ಜೊತೆಗೆ ರಂಜಕ ಹೆಚ್ಚಾಗಿರುವ ಗೋಧಿ ಬೂಸವನ್ನು ಧಾರಾಳವಾಗಿ ಕೊಟ್ಟರೆ ಅಸಮತೋಲನ ಇಮ್ಮಡಿಯಾಗುತ್ತದೆ. ದೇಹ ತನ್ನ ಮೂಳೆಯಿಂದಲೇ ಸುಣ್ಣವನ್ನು ಕರಗಿಸಿಕೊಳ್ಳತೊಡಗಿ, ಮುಖದ ಮೂಳೆಗಳು ಊದಿ, ಇಂದು ಒಂದು ಕಾಲು ನಾಳೆ ಇನ್ನೊಂದು ಕಾಲು ಕುಂಟುವ ರೋಗ ಬರುತ್ತದೆ. ಮುಖ ದಪ್ಪಗಾಗಿರುವುದನ್ನು ಕಂಡು ಕುದುರೆ ಮೈತುಂಬಿಕೊಂಡಿತೆಂದು ಸಂತೋಷಪಡುವ ಮಾಲೀಕರೂ ಇರಬಹುದು.

ಇದಕ್ಕೆ ಪರಿಹಾರವೂ ಹೊಲದಲ್ಲಿಯೇ ಇದೆ. ರೋಡ್ಸ್ ಹುಲ್ಲಿನಲ್ಲಿ ಆಕ್ಸಲೇಟ್ ಕಡಿಮೆ. ರಾಗಿ ಹುಲ್ಲಿನಲ್ಲಿ ಭತ್ತದ ಹುಲ್ಲಿಗಿಂತ ಸುಣ್ಣದಂಶ ಹೆಚ್ಚು. ರೈತರು ಕುದುರೆ ಮಸಾಲೆ ಸೊಪ್ಪೆಂದು ಕರೆಯುವ ಲೂಸರ್ನ್ ಮೇವು ಸುಣ್ಣ ಮತ್ತು ಸಸಾರಜನಕ ಎರಡನ್ನೂ ಒದಗಿಸುವುದರಿಂದ ಗಬ್ಬದ, ಹಾಲೂಡುವ ಕುದುರೆಗೆ ಬಹಳ ಒಳ್ಳೆಯದು. ಒಟ್ಟು ಆಹಾರದಲ್ಲಿ ಸುಣ್ಣದಂಶವು ರಂಜಕದ ಒಂದೂವರೆಯಿಂದ ಎರಡು ಪಟ್ಟಿನಷ್ಟಿದ್ದರೆ ಮೂಳೆ ಗಟ್ಟಿಯಾಗಿ ಬೆಳೆಯುತ್ತದೆ.

ತಿನ್ನಿಸಲೇಬಾರದವುಗಳ ಪಟ್ಟಿ ಚಿಕ್ಕದು, ಆದರೆ ಕಟ್ಟುನಿಟ್ಟಿನದು. ಅಡಿಕೆ ತೋಟಕ್ಕೆ ಗೊಬ್ಬರವಾಗಿ ತಂದಿಟ್ಟ ಹರಳು ಹಿಂಡಿಯ ಚೀಲಕ್ಕೆ ಕುದುರೆ ಬಾಯಿ ಹಾಕಿದರೆ ಉಳಿಯುವುದು ಕಷ್ಟ, ಏಕೆಂದರೆ ಹರಳಿನ ವಿಷಕ್ಕೆ ಕುದುರೆಯಷ್ಟು ಸೂಕ್ಷ್ಮವಾದ ಸಾಕುಪ್ರಾಣಿ ಮತ್ತೊಂದಿಲ್ಲವೆನ್ನಬಹುದು. ಹೆದ್ದಾರಿಯ ನಡುವೆ ಸಾಲಾಗಿ ನೆಟ್ಟಿರುವ ಕಣಗಿಲೆಯ ಎಲೆ ಹಿಡಿಯಷ್ಟು ಹೋದರೂ ಹೃದಯವನ್ನು ನಿಲ್ಲಿಸುತ್ತದೆ. ಕೆಲವು ಕೋಳಿ ಮತ್ತು ದನದ ಆಹಾರಗಳಲ್ಲಿ ಬೆರೆಸುವ ಮೊನೆನ್ಸಿನ್ ಎಂಬ ಔಷಧಿ ಹಸುವಿಗೆ ಹಿತ, ಕುದುರೆಯ ಹೃದಯಸ್ನಾಯುವಿಗೆ ವಿಷ. ಪಶು ಆಹಾರದ ಚೀಲವನ್ನು ಬಿಚ್ಚುವ ಮುನ್ನ ಅದರ ಮೇಲಿನ ಚೀಟಿಯನ್ನು ಓದುವ ಅಭ್ಯಾಸ ಈ ಕಾರಣಕ್ಕಾಗಿ ಅಗತ್ಯ.

ಬೆದೆ, ಬೆಳಕು, ಹನ್ನೊಂದು ತಿಂಗಳು

ಮರಿ ಮಾಡಿಸುವ ವಿಷಯದಲ್ಲಿ ಪಂದ್ಯದ ಕುದುರೆಯ ಲೋಕಕ್ಕೆ ತನ್ನದೇ ಕಟ್ಟಳೆಗಳಿವೆ. ಥರೋಬ್ರೆಡ್ ಎಂಬ ಈ ತಳಿಯ ಗಂಡು ಮೂಲ 17 ಮತ್ತು 18ನೆಯ ಶತಮಾನಗಳಲ್ಲಿ ಇಂಗ್ಲೆಂಡಿಗೆ ಪೂರ್ವದೇಶಗಳಿಂದ ಹೋದ ಮೂರು ಕುದುರೆಗಳಲ್ಲಿದೆ. ವಂಶಾವಳಿಯ ಮೊದಲ ಪುಸ್ತಕ ಪ್ರಕಟವಾದದ್ದು 1791ರಲ್ಲಿ. ಭಾರತದಲ್ಲಿ ಆ ದಾಖಲೆಯನ್ನು ಪುಣೆಯ ಸ್ಟಡ್ ಬುಕ್ ಅಥಾರಿಟಿ ಆಫ್ ಇಂಡಿಯಾ ನೋಡಿಕೊಳ್ಳುತ್ತದೆ. ಡಿಎನ್‌ಎ ಪರೀಕ್ಷೆಯಿಂದ ತಂದೆತಾಯಿಗಳು ಖಚಿತವಾಗದ ಮರಿಗೆ ಅಲ್ಲಿ ಜಾಗವಿಲ್ಲ. ಕೃತಕ ಗರ್ಭಧಾರಣೆಯಿಂದ ಹುಟ್ಟಿದ ಮರಿಗೂ ಇಲ್ಲ. ಬೀಜದ ಕುದುರೆ ಖುದ್ದಾಗಿ ಹಾರಿರಬೇಕು.

ಮರಿ ಯಾವ ತಿಂಗಳಲ್ಲಿ ಹುಟ್ಟಿದರೂ ಅದರ ವಯಸ್ಸನ್ನು ಜನವರಿ 1ರಿಂದ ಎಣಿಸುವುದು ಇನ್ನೊಂದು ಕಟ್ಟಳೆ. ಮೇ ತಿಂಗಳಿನಲ್ಲಿ ಹುಟ್ಟಿದ್ದು ಜನವರಿಯಲ್ಲಿ ಹುಟ್ಟಿದ್ದರೊಡನೆ ಸಮವಯಸ್ಕನಂತೆ ಓಡಬೇಕಾದ್ದರಿಂದ, ವರ್ಷದ ಆರಂಭದಲ್ಲಿಯೇ ಮರಿ ಬೀಳಲೆಂದು ಸಂವರ್ಧಕರು ಹೆಣಗುತ್ತಾರೆ. ಹನ್ನೊಂದು ತಿಂಗಳ, ಸರಾಸರಿ 340 ದಿನಗಳ ಗಬ್ಬದ ಲೆಕ್ಕ ಹಿಡಿದರೆ ಫೆಬ್ರುವರಿಯ ಮಧ್ಯಭಾಗದಲ್ಲಿಯೇ ಕುದುರೆ ಕಟ್ಟಬೇಕಾಗುತ್ತದೆ.

ಇಲ್ಲಿ ಸೂರ್ಯ ಅಡ್ಡ ಬರುತ್ತಾನೆ. ಹೆಣ್ಣು ಕುದುರೆ ದೀರ್ಘ ಹಗಲಿನಲ್ಲಿ ಬೆದೆಗೆ ಬರುವ ಪ್ರಾಣಿ. ಕಣ್ಣಿಗೆ ಬೀಳುವ ಬೆಳಕು ಹೆಚ್ಚಿದಂತೆ ಮಿದುಳಿನಲ್ಲಿ ಕತ್ತಲೆಯ ಹಾರ್ಮೋನು ತಗ್ಗಿ, ಅಂಡಾಶಯ ಎಚ್ಚರಗೊಳ್ಳುತ್ತದೆ. ಅದಕ್ಕಾಗಿ ಫಾರಂಗಳಲ್ಲಿ ಡಿಸೆಂಬರಿನಿಂದಲೇ ಲಾಯದ ದೀಪ ಉರಿಸಿ, ಹಗಲನ್ನು 16 ಗಂಟೆಗೆ ಹಿಗ್ಗಿಸಿ, ಸುಮಾರು 60 ದಿನಗಳಲ್ಲಿ ಕುದುರೆಯನ್ನು ಬೆದೆಗೆ ತರುವ ಪದ್ಧತಿಯಿದೆ. ಕುಣಿಗಲ್ಲು ಇರುವ 13 ಡಿಗ್ರಿ ಅಕ್ಷಾಂಶದಲ್ಲಿ ವರ್ಷದ ಅತಿ ಉದ್ದದ ಹಗಲಿಗೂ ಅತಿ ಚಿಕ್ಕ ಹಗಲಿಗೂ ವ್ಯತ್ಯಾಸ ಒಂದೂವರೆ ಗಂಟೆಯಷ್ಟೇ ಆದ್ದರಿಂದ, ಯೂರೋಪಿನ ಕುದುರೆಗಳಿಗೆ ಬರುವ ಕಟ್ಟುನಿಟ್ಟಾದ ಚಳಿಗಾಲದ ಬಿಡುವು ಇಲ್ಲಿ ಅಷ್ಟು ಗಾಢವಾಗಿರುವುದಿಲ್ಲ.

ಪಂದ್ಯಕ್ಕೆ ಸಂಬಂಧವಿಲ್ಲದ ಊರ್ಡಿಗೆರೆಯ ಅಥವಾ ಗುಬ್ಬಿಯ ಮಾಲೀಕ ಈ ಜನವರಿಯ ಓಟದಲ್ಲಿ ಸೇರಬೇಕಾಗಿಲ್ಲ. ಅವನ ಪಂಚಾಂಗ ಮಳೆಯದಾಗಿರಬೇಕು. ಮುಂಗಾರು ಹಿಡಿದು ಬಯಲು ಹಸಿರಾಗುವ ಹೊತ್ತಿಗೆ ಮರಿ ಬಿದ್ದರೆ ತಾಯಿಯ ಹಾಲಿಗೆ ಬೇಕಾದ ಹಸಿ ಮೇವು ಕಡಿಮೆ ಖರ್ಚಿನಲ್ಲಿ ದೊರಕುತ್ತದೆ. ದೇವರಾಯನದುರ್ಗದ ಕಾಡಂಚಿನ ಊರುಗಳಲ್ಲಿ ಚಿರತೆಯ ಓಡಾಟವಿರುವುದರಿಂದ ತಾಯಿ ಮರಿಗಳಿಗೆ ರಾತ್ರಿ ಗಟ್ಟಿ ಬಾಗಿಲಿನ ಲಾಯ ಬೇಕೆಂಬುದನ್ನು ಮಾತ್ರ ಮರೆಯಬಾರದು.

ಬೆದೆಯ ಚಕ್ರ 21 ದಿನಗಳದು. ಅದರಲ್ಲಿ ಐದರಿಂದ ಏಳು ದಿನ ಹೆಣ್ಣು ಕುದುರೆ ಗಂಡಿಗೆ ಒಲಿದು ನಿಲ್ಲುತ್ತದೆ, ಮತ್ತು ಅಂಡ ಬಿಡುಗಡೆಯಾಗುವುದು ಬೆದೆ ಮುಗಿಯುವ ಒಂದೆರಡು ದಿನ ಮೊದಲು. ಹಸುವಿನ ಬೆದೆ ಒಂದು ದಿನದೊಳಗೆ ಮುಗಿಯುವುದರಿಂದ ಬೆಳಿಗ್ಗೆ ಕಂಡರೆ ಸಂಜೆ ಕೊಡಿಸು ಎಂಬ ಡೇರಿಯ ಸೂತ್ರ ಇಲ್ಲಿ ನಡೆಯದು. ಫಾರಂಗಳಲ್ಲಿ ಬೆದೆ ಪರೀಕ್ಷಿಸಲೆಂದೇ ಒಂದು ಸಾಧಾರಣ ಗಂಡು ಕುದುರೆಯನ್ನು ಸಾಕಿ, ಬೇಲಿಯ ಆಚೆಯಿಂದ ಹೆಣ್ಣಿಗೆ ತೋರಿಸುತ್ತಾರೆ. ಬಾಲ ಎತ್ತಿ, ಕಾಲು ಅಗಲಿಸಿ, ಸ್ವಲ್ಪ ಸ್ವಲ್ಪವೇ ಮೂತ್ರ ಬಿಟ್ಟರೆ ಒಪ್ಪಿಗೆಯೆಂದೂ, ಕಿವಿ ಹಿಂದಕ್ಕೆ ಮಡಿಚಿ ಒದೆಯಲು ಬಂದರೆ ಕಾಯಬೇಕೆಂದೂ ತಿಳಿಯಲಾಗುತ್ತದೆ. ಅನಂತರ ವೈದ್ಯರು ಅಲ್ಟ್ರಾಸೌಂಡ್ ಯಂತ್ರದಿಂದ ಅಂಡಕೋಶ ಬಲಿತಿರುವುದನ್ನು ನೋಡಿ ದಿನ ನಿಶ್ಚಯಿಸುತ್ತಾರೆ.

ಹಾರಿಸಿದ 14ರಿಂದ 16ನೆಯ ದಿನದ ಸ್ಕ್ಯಾನಿಂಗ್ ತಪ್ಪಿಸಬಾರದ ಖರ್ಚು, ಏಕೆಂದರೆ ಅವಳಿ ಗಬ್ಬ ಪತ್ತೆಯಾಗುವುದೂ, ವೈದ್ಯರು ಅದರಲ್ಲಿ ಒಂದನ್ನು ಸುಲಭವಾಗಿ ನಿವಾರಿಸಬಹುದಾದದ್ದೂ ಆಗಲೇ. ಆಡಿಗೆ ಅವಳಿ ಭಾಗ್ಯ. ಕುದುರೆಯ ಗರ್ಭಕೋಶದಲ್ಲಿ ಎರಡು ಮಾಸುಗಳಿಗೆ ಸಾಲುವಷ್ಟು ಜಾಗವಿಲ್ಲದ್ದರಿಂದ ಅವಳಿ ಗಬ್ಬ ಬಹುತೇಕ ಕಂದುಹಾಕುವುದರಲ್ಲಿಯೇ ಮುಗಿಯುತ್ತದೆ, ಕೆಲವೊಮ್ಮೆ ತಾಯಿಯನ್ನೂ ಕೊಂಡೊಯ್ಯುತ್ತದೆ.

ಒಂದು, ಎರಡು, ಮೂರು

ಮರಿ ಹುಟ್ಟಿದ ಮೇಲಿನ ಗಂಟೆಗಳಿಗೆ ಕುದುರೆ ಸಾಕುವವರು ಒಂದು ಸುಲಭದ ಎಣಿಕೆ ಇಟ್ಟುಕೊಂಡಿದ್ದಾರೆ: ಒಂದು ಗಂಟೆಯೊಳಗೆ ಮರಿ ಎದ್ದು ನಿಲ್ಲಬೇಕು, ಎರಡು ಗಂಟೆಯೊಳಗೆ ಮೊಲೆಯುಣ್ಣಬೇಕು, ಮೂರು ಗಂಟೆಯೊಳಗೆ ತಾಯಿ ಮಾಸು ಹಾಕಬೇಕು. ಇವುಗಳಲ್ಲಿ ಯಾವುದು ತಡವಾದರೂ ವೈದ್ಯರನ್ನು ಕರೆಸಬೇಕು.

ಮೂರನೆಯ ನಿಯಮದ ಬಳಿಯೇ ಹೆಚ್ಚಿನವರು ಎಡವುತ್ತಾರೆ. ಹಸು ಮಾಸು ಹಾಕಲು ಅರ್ಧ ದಿನ ಕಾಯುವುದು ರೂಢಿ. ಕುದುರೆಯ ಗರ್ಭದಲ್ಲಿ ಮಾಸಿನ ತುಣುಕು ಉಳಿದರೆ ಅಂದೇ ಕೊಳೆತು, ನಂಜು ರಕ್ತಕ್ಕೇರಿ, ಮತ್ತೆ ಅದೇ ಗೊರಸಿನ ಉರಿಯೂತ ಬಂದು ತಾಯಿ ನೆಲ ಹಿಡಿಯುತ್ತದೆ. ತೂಗುತ್ತಿರುವ ಮಾಸನ್ನು ಕೈಯಿಂದ ಎಳೆಯುವುದಾಗಲಿ, ಅದಕ್ಕೆ ಕಲ್ಲು ಕಟ್ಟುವುದಾಗಲಿ ಸಲ್ಲದು. ತುಳಿತಕ್ಕೆ ಸಿಗದಂತೆ ಗಂಟು ಹಾಕಿ ಮೇಲೆತ್ತಿ, ಬಿದ್ದ ಮೇಲೆ ಅದು ಇಡಿಯಾಗಿದೆಯೇ ಎಂದು ನೆಲದ ಮೇಲೆ ಹರಡಿ ನೋಡಬೇಕು. ಈಯುವಾಗ ಬಿಳಿಯ ಪೊರೆಯ ಬದಲು ಕೆಂಪು, ಮಖಮಲ್ಲಿನಂಥ ಚೀಲ ಮೊದಲು ಕಂಡರೆ ಮಾತ್ರ ಕಾಯುವಂತಿಲ್ಲ. ಮಾಸು ಮೊದಲೇ ಕಳಚಿ ಮರಿಗೆ ಉಸಿರು ಕಟ್ಟುತ್ತಿದೆಯೆಂಬುದು ಅದರ ಅರ್ಥ. ಅದನ್ನು ಆ ಕ್ಷಣವೇ ಹರಿದು ಮರಿಯನ್ನು ಹೊರತೆಗೆಯಬೇಕಾಗುತ್ತದೆ.

ಗಿಣ್ಣುಹಾಲಿನ ವಿಷಯದಲ್ಲಿ ಹಸುವಿನ ಅನುಭವ ಪೂರ್ತಿಯಾಗಿ ನೆರವಿಗೆ ಬರುತ್ತದೆ. ಕುದುರೆಯ ಮಾಸೂ ರೋಗನಿರೋಧಕ ಕಣಗಳನ್ನು ಒಳಬಿಡುವುದಿಲ್ಲವಾದ್ದರಿಂದ ಮರಿ ಬರಿಗೈಯಲ್ಲಿ ಹುಟ್ಟುತ್ತದೆ. ಅದರ ಕರುಳು ಆ ಕಣಗಳನ್ನು ಹೀರಿಕೊಳ್ಳಬಲ್ಲದ್ದು ಮೊದಲ 18ರಿಂದ 24 ಗಂಟೆಗಳವರೆಗೆ ಮಾತ್ರ. ಈಯುವ ಮುನ್ನವೇ ಹಾಲು ಸೋರಿಹೋಗಿದ್ದರೆ ಗಿಣ್ಣೂ ಹೋಗಿರುತ್ತದೆಯೆಂದು ತಿಳಿದು ಬೇರೆ ಕುದುರೆಯ ಗಿಣ್ಣನ್ನು ಹುಡುಕಬೇಕು. ದೊಡ್ಡ ಫಾರಂಗಳಲ್ಲಿ ಅದನ್ನು ಶೈತ್ಯಪೆಟ್ಟಿಗೆಯಲ್ಲಿ ಕಾಯ್ದಿಡುತ್ತಾರೆ. ಹೊಕ್ಕುಳನ್ನು ಔಷಧಿಯಲ್ಲಿ ಅದ್ದುವುದು, ಮೊದಲ ಕಪ್ಪು ಲದ್ದಿ ಬಿದ್ದಿತೇ ಎಂದು ಗಮನಿಸುವುದು ಅದೇ ದಿನದ ಕೆಲಸ.

ಲಸಿಕೆಗಳಲ್ಲಿ ಧನುರ್ವಾಯುವಿನದು ಎಲ್ಲಕ್ಕಿಂತ ಮುಖ್ಯ, ಏಕೆಂದರೆ ಲಾಳದ ಮೊಳೆ ಚುಚ್ಚಿದ ಸಣ್ಣ ಗಾಯ ಸಾಕು, ಕುದುರೆ ಮರದಂತೆ ಸೆಟೆದು ಸಾಯಲು. ರೇಬಿಸ್ ಲಸಿಕೆಯೂ ಇರಬೇಕು. ಲಸಿಕೆಯೇ ಇಲ್ಲದ ರೋಗ ಗ್ಲ್ಯಾಂಡರ್ಸ್. ಮೂಗಿನಿಂದ ಕೀವು ಸುರಿದು, ಚರ್ಮದ ಮೇಲೆ ಗಂಟುಗಳೆದ್ದು ಒಡೆಯುವ ಈ ಬ್ಯಾಕ್ಟೀರಿಯಾ ರೋಗ ಮನುಷ್ಯರಿಗೂ ಅಂಟುತ್ತದೆ. ಸಂಶಯ ಬಂದೊಡನೆ ಪಶು ಇಲಾಖೆಗೆ ತಿಳಿಸುವುದು ಕಾನೂನಿನ ಕರ್ತವ್ಯ. ರೋಗ ಖಚಿತವಾದ ಕುದುರೆಯನ್ನು ದಯಾಮರಣಕ್ಕೆ ಒಳಪಡಿಸಿ ಮಾಲೀಕನಿಗೆ ಪರಿಹಾರ ಕೊಡುವ ವ್ಯವಸ್ಥೆಯಿದೆ. ಮುಚ್ಚಿಟ್ಟ ಒಂದು ಕುದುರೆ ಲಾಯದ ಕೆಲಸಗಾರನ ಜೀವಕ್ಕೇ ಕುತ್ತು ತರಬಹುದು.

ಬರೆಯಬೇಕಾದ ಪುಸ್ತಕ

2019ರ ಜಾನುವಾರು ಗಣತಿಯಂತೆ ದೇಶದಲ್ಲಿ ಉಳಿದಿದ್ದ ಕುದುರೆ ಮತ್ತು ತಟ್ಟುಗಳು ಸುಮಾರು 3.4 ಲಕ್ಷ, 2012ಕ್ಕೆ ಹೋಲಿಸಿದರೆ ಶೇ 45ರಷ್ಟು ಇಳಿಕೆ. ಕುದುರೆ ಕಡಿಮೆಯಾದಂತೆ ಅದನ್ನು ಬಲ್ಲವರೂ ಕಡಿಮೆಯಾಗುತ್ತಾರೆ. ಜಟಕಾ ಗಾಡಿಗಳು ಊರುಗಳಿಂದ ಮರೆಯಾದಾಗ ಅವುಗಳೊಂದಿಗೆ ಲಾಳ ಕಟ್ಟುವವರೂ ಮರೆಯಾದರು. ಗೊರಸನ್ನು ಆರು ವಾರಕ್ಕೊಮ್ಮೆಯಾದರೂ ಒಪ್ಪವಾಗಿ ಕತ್ತರಿಸಬೇಕೆಂದು ತಿಳಿದ ಮಾಲೀಕನಿಗೂ ಕತ್ತರಿಸುವ ಕೈ ಹತ್ತಿರದಲ್ಲಿ ಸಿಗುವುದು ಕಷ್ಟ.

> ಚೌಕಟ್ಟು: ಅರಿವಿನ ನೆಲೆಗಳು
>
> ಕುದುರೆ, ಕತ್ತೆಗಳಿಗಾಗಿಯೇ ಇರುವ ರಾಷ್ಟ್ರೀಯ ಅಶ್ವ ಸಂಶೋಧನಾ ಕೇಂದ್ರ 1985ರಲ್ಲಿ ಹರಿಯಾಣದ ಹಿಸಾರದಲ್ಲಿ ಆರಂಭವಾಯಿತು. ಅದರ ಬಿಕಾನೇರ್ ಕೇಂದ್ರದಲ್ಲಿ 2023ರಲ್ಲಿ ಭ್ರೂಣ ವರ್ಗಾವಣೆಯಿಂದ ಮಾರವಾಡಿ ತಳಿಯ ಮರಿ ಹುಟ್ಟಿತು. ಬೆಂಗಳೂರಿನ ಹೆಬ್ಬಾಳದ ಪಶುವೈದ್ಯಕೀಯ ಕಾಲೇಜು 1958ರಿಂದ ಇದೆ. ಸಂಚಾರಿ ಪಶು ಚಿಕಿತ್ಸೆಗೆ ಕರೆ ಮಾಡಬೇಕಾದ ಸಂಖ್ಯೆ 1962.

ವೈದ್ಯರಿಗೆ, ಸಂಶೋಧಕರಿಗೆ ಇಂಗ್ಲಿಷಿನಲ್ಲಿ ಬೇಕಾದಷ್ಟು ಪುಸ್ತಕಗಳಿವೆ. ಹಸು, ಕುರಿ, ಕೋಳಿ, ರೇಷ್ಮೆಗಳ ಬಗೆಗೆ ಕನ್ನಡದಲ್ಲಿ ಕೈಪಿಡಿಗಳು ಬಂದಿವೆ, ರೈತರು ಅವನ್ನು ಓದಿ ಬಳಸಿಕೊಂಡಿದ್ದಾರೆ. ಆರು ಶತಮಾನಗಳ ಹಿಂದೆ ಕುದುರೆಯ ವೈದ್ಯವನ್ನು ಹೇಳಿದ ಭಾಷೆಯಲ್ಲಿ ಇಂದಿನ ಕುದುರೆ ಮಾಲೀಕನಿಗೂ ಅಂಥದೇ ಒಂದು ಕೈಪಿಡಿ ಸಿಗಬೇಕಾದುದು ನ್ಯಾಯ.

ಅದನ್ನು ಬರೆಯಬಲ್ಲವರು ಇಲ್ಲಿಯೇ ಇದ್ದಾರೆ. ಹೆಬ್ಬಾಳದ ಪ್ರಾಧ್ಯಾಪಕರು, ಮೈಸೂರಿನ ಅಶ್ವಾರೋಹಿ ಪೊಲೀಸ್ ದಳದ ಸವಾರರು, ತಾಲ್ಲೂಕು ಆಸ್ಪತ್ರೆಗಳ ಪಶುವೈದ್ಯರು, ಎಲ್ಲರಿಗಿಂತ ಮೊದಲು ಕುಣಿಗಲ್ಲಿನ ಲಾಯಗಳಲ್ಲಿ ನೂರಾರು ಮರಿಗಳನ್ನು ಕೈಯಾರೆ ಇಳಿಸಿಕೊಂಡ ಕಾಸ್ತಾರರು ಒಂದೆಡೆ ಕುಳಿತರೆ, ಒಬ್ಬರ ಶಾಸ್ತ್ರಕ್ಕೆ ಇನ್ನೊಬ್ಬರ ಅನುಭವ ಕೂಡುತ್ತದೆ. ಕಾಸ್ತಾರರ ಮಾತನ್ನು ಧ್ವನಿಮುದ್ರಿಸಿಕೊಳ್ಳುವ ಕೆಲಸವನ್ನು ಈ ವರ್ಷದ ಮರಿಗಳ ಋತುವಿನಲ್ಲಿಯೇ ಆರಂಭಿಸಬಹುದು.

ಆ ಪುಸ್ತಕದ ಮೊದಲ ಪುಟದಲ್ಲಿ ನಾಡಿ, ಉಸಿರು, ಉಷ್ಣತೆಯ ಅಂಕಿಗಳೂ, ವೈದ್ಯರ ದೂರವಾಣಿ ಸಂಖ್ಯೆಯನ್ನು ಬರೆದುಕೊಳ್ಳಲು ಖಾಲಿ ಜಾಗವೂ ಇರಲಿ. ಕೊನೆಯ ಪುಟಗಳಲ್ಲಿ ಲಸಿಕೆ, ಜಂತುಹುಳದ ಔಷಧಿ, ಗೊರಸು ಕತ್ತರಿಸಿದ ದಿನ, ಬೆದೆ, ಹಾರಿಸಿದ ದಿನ, ಮರಿ ಬೀಳಬೇಕಾದ ದಿನ ಇವುಗಳಿಗೆ ಗೆರೆ ಹಾಕಿದ ಕೋಷ್ಟಕಗಳಿರಲಿ. ನಡುವಿನ ಪುಟಗಳ ಅಕ್ಷರ ಮಾತ್ರ ದೊಡ್ಡದಾಗಿರಬೇಕು, ಏಕೆಂದರೆ ಅವನ್ನು ಓದುವ ಹೊತ್ತು ಹೆಚ್ಚಾಗಿ ಮಧ್ಯರಾತ್ರಿಯದು, ಬೆಳಕು ಟಾರ್ಚಿನದು.